ಗುಮ್ಮಟದ ಹಕ್ಕಿ, ರಾಮಪತ್ರೆ ಬೀಜ

ಕೇಳುಗ ಬಂಧುಗಳಿಗೆಲ್ಲ ನಮಸ್ಕಾರ.

ಹೋದ ವರ್ಷ ಮಗಳ ಬಾಣಂತನಕ್ಕೆಂದು ನಾನು ಕೆನಡಾ ದೇಶದ ವ್ಯಾಂಕೂವರಿಗೆ ಹೋಗಿದ್ದೆ. ಅಲ್ಲಿ ಚಳಿಗಾಲವೇ ಮಳೆಗಾಲ. ನಮ್ಮ ಶಿರಸಿಯ ಹಾಗೆ ಧೋ ಎಂದು ಸುರಿಯುವ ಮಳೆಯಲ್ಲ. ದಿನವಿಡೀ ಜಿಟಿಜಿಟಿ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಸ್ವಲ್ಪ ಅಡ್ಡಾಗಿ ಎದ್ದರೆ ಆಗಲೇ ಕತ್ತಲೆ. ಎಣ್ಣೆ ನೀರು, ಮಗುವಿನ ಬಟ್ಟೆ, ಅಡುಗೆ, ಇಷ್ಟರಲ್ಲೇ ಒಂದೂವರೆ ತಿಂಗಳು ಕಳೆದಿತ್ತು. ಒಂದು ಭಾನುವಾರ ಅಳಿಯ ಬಂದು, "ಅತ್ತೆ, ಕೋಟು ಹಾಕಿಕೊಳ್ಳಿ. ಇವತ್ತು ನಿಮ್ಮನ್ನ ನಿಮ್ಮೂರಿಗೆ ಕರ್ಕೊಂಡು ಹೋಗ್ತೇನೆ" ಅಂದರು.

ಕರೆದುಕೊಂಡು ಹೋಗಿದ್ದು ಒಂದು ಗುಡ್ಡದ ತಲೆಗೆ. ಕ್ವೀನ್ ಎಲಿಜಬೆತ್ ಪಾರ್ಕ್ ಅಂತ ಅದರ ಹೆಸರು. ಹಿಂದೆ ಅದು ಕಲ್ಲುಕ್ವಾರಿ. ಊರಿನ ಮೊದಮೊದಲ ರಸ್ತೆಗಳಿಗೆ ಕಲ್ಲು ಹೋಗಿದ್ದು ಅಲ್ಲಿಂದಲೇ. ಕಲ್ಲು ತೆಗೆದ ಹೊಂಡಗಳಲ್ಲಿ ಈಗ ಹೂದೋಟ. ಗುಡ್ಡದ ನೆತ್ತಿಯ ಮೇಲೆ ಬೋರಲು ಹಾಕಿದ ದೊಡ್ಡ ಬಟ್ಟಲಿನಂಥ ಒಂದು ಗುಮ್ಮಟ. ಅದೇ ಬ್ಲೋಡೆಲ್ ಕನ್ಸರ್ವೇಟರಿ, ಬಿಸಿನಾಡಿನ ಗಿಡ, ಹಕ್ಕಿಗಳನ್ನು ಸಾಕುವ ಮನೆ. 1969ರ ಡಿಸೆಂಬರಿನಲ್ಲಿ ಬಾಗಿಲು ತೆರೆದದ್ದು. ಅಡ್ಡಗಲ ಸುಮಾರು 140 ಅಡಿ. ಒಳಗೆ ಒಂದೂ ಕಂಬ ಇಲ್ಲ. ಅಲ್ಯೂಮಿನಿಯಂ ಕೊಳವೆಗಳನ್ನು ಹೆಣೆದು, ನಡುವೆ ಉಬ್ಬಿದ ಗುಳ್ಳೆಯಂಥ ಪಾರದರ್ಶಕ ಪ್ಲಾಸ್ಟಿಕ್ ಕೂರಿಸಿದ್ದಾರೆ. ಅಂಥ ಗುಳ್ಳೆಗಳು 1,490. ಕಟ್ಟಲು ದುಡ್ಡು ಕೊಟ್ಟವರು ಪ್ರೆಂಟಿಸ್ ಬ್ಲೋಡೆಲ್ ಅಂತ, ಮರದ ವ್ಯಾಪಾರದಲ್ಲಿ ದೊಡ್ಡ ಹೆಸರು ಮಾಡಿದವರು. ಕಾಡು ಕಡಿದ ವ್ಯಾಪಾರದ ದುಡ್ಡು ಕೊನೆಗೆ ಗಿಡ ಕಾಯುವುದಕ್ಕೆ ಬಂತು. ಅದು ನನಗೆ ಒಳ್ಳೆಯದೇ ಅನ್ನಿಸಿತು.

ಒಳಗೆ ಹೋಗಲು ಒಂದರ ಹಿಂದೆ ಒಂದು ಬಾಗಿಲು. ಹಕ್ಕಿಗಳು ಆಚೆ ಹಾರಿಹೋಗಬಾರದಲ್ಲ. ಎರಡನೇ ಬಾಗಿಲು ದಾಟಿದ್ದೇ ತಡ, ನನ್ನ ಕನ್ನಡಕ ಪೂರ್ತಿ ಮಂಜು ಹಿಡಿಯಿತು. ಹೊರಗೆ ಕೊರೆಯುವ ಚಳಿ, ಒಳಗೆ ಒದ್ದೆ ಒದ್ದೆ ಬಿಸಿ. ಏನೂ ಕಾಣುತ್ತಿಲ್ಲ. ಆದರೆ ಮೂಗಿಗೆ ಬಂತು ನೋಡಿ ವಾಸನೆ! ನೆನೆದ ಮಣ್ಣು, ಕೊಳೆತ ದರಕು ಅಂದರೆ ತರಗೆಲೆ, ಬಾಳೆ ಎಲೆ. ಆರಿದ್ರಾ ಮಳೆ ಹಿಡಿದಾಗ ತೋಟಕ್ಕೆ ಇಳಿಯುವ ಮೆಟ್ಟಿಲಲ್ಲಿ ನಿಂತರೆ ಬರುತ್ತದಲ್ಲ, ಅದೇ. ಸೆರಗಿನಲ್ಲಿ ಕನ್ನಡಕ ಒರೆಸುತ್ತಾ ಸುಮ್ನೆ ನಿಂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಅಳಿಯ ಏನೂ ಕೇಳಲಿಲ್ಲ.

ಕನ್ನಡಕ ತಿಳಿಯಾದ ಮೇಲೆ ನೋಡಿದರೆ ಎಲ್ಲ ನೆಂಟರೇ. ಬಾಳೆ, ದಾಸವಾಳ, ಕ್ರೋಟನ್. ಹೆಸರು ಬರೆದ ಪಟ್ಟಿ, ಮೂಲ ಊರು ಯಾವುದು ಅನ್ನುವ ವಿವರ. ಕ್ರೋಟನ್ ಮಲೇಶಿಯಾ, ಇಂಡೋನೇಶಿಯಾ ಕಡೆಯಿಂದ ಬಂದದ್ದಂತೆ. ನಮ್ಮ ಅಂಗಳದ ಅಂಚಿಗೆ ನನ್ನತ್ತೆಯ ಕಾಲದಿಂದ ಇರುವ ಗಿಡ ಅದು. ಅದರ ಊರು ಯಾವುದು ಅಂತ ಒಂದು ದಿನವೂ ಯೋಚಿಸಿದ್ದಿಲ್ಲ. ಗುಮ್ಮಟದೊಳಗೇ ಮೂರು ಬಗೆಯ ಹವೆ ಇಟ್ಟಿದ್ದಾರೆ. ಒಂದು ಕಡೆ ಮಳೆಕಾಡು, ಮುಂದೆ ಸ್ವಲ್ಪ ಒಣ ಜಾಗ, ಕೊನೆಗೆ ಕಳ್ಳಿಗಿಡಗಳ ಮರಳುಗಾಡು. ನಾನು ಮಳೆಕಾಡಿನ ಕಡೆಗೇ ಮತ್ತೆ ಮತ್ತೆ ಹೋದೆ.

ಹಕ್ಕಿಗಳು ನೂರಕ್ಕೂ ಹೆಚ್ಚು. ಚಿಕ್ಕವು ಬಿಟ್ಟ ಹಾಗೆ ಹಾರುತ್ತವೆ. ಗೂಲ್ಡಿಯನ್ ಫಿಂಚ್ ಅಂತ ಒಂದಿದೆ, ಉತ್ತರ ಆಸ್ಟ್ರೇಲಿಯಾದ್ದು. ನಮ್ಮ ಗುಬ್ಬಿಗಿಂತ ಸಣ್ಣದು. ಎದೆ ನೇರಳೆ, ಹೊಟ್ಟೆ ಹಳದಿ, ಬೆನ್ನು ಹಸಿರು. ರಂಗೋಲಿ ಪುಡಿಯ ಬಟ್ಟಲುಗಳಲ್ಲಿ ಹೊರಳಾಡಿ ಎದ್ದು ಬಂದ ಹಾಗೆ. ಆದರೆ ನನ್ನ ಮನಸ್ಸು ನಿಂತದ್ದು ಅದರ ಮೇಲಲ್ಲ.

ದಾರಿಯ ಬದಿಯ ಕೋಲಿನ ಮೇಲೆ ಒಂದು ಬೂದು ಗಿಳಿ ಕೂತಿತ್ತು. ಆಫ್ರಿಕಾದ್ದು. ಬಾಲ ಮಾತ್ರ ಕೆಂಡದ ಹಾಗೆ ಕೆಂಪು. ಅದರ ಎದೆಯ ಮೇಲೆ ಪುಕ್ಕವೇ ಇರಲಿಲ್ಲ, ಬರೀ ಚರ್ಮ. ಒಂಟಿತನಕ್ಕೆ, ಬೇಸರಕ್ಕೆ ಈ ಗಿಳಿಗಳು ತಮ್ಮ ಪುಕ್ಕ ತಾವೇ ಕಿತ್ತುಕೊಳ್ಳುತ್ತವೆ. ಅಲ್ಲಿನ ದೊಡ್ಡ ಗಿಳಿಗಳಲ್ಲಿ ಬಹಳಷ್ಟು ಯಾರದೋ ಮನೆಯಲ್ಲಿ ಸಾಕಿದವು. ಐವತ್ತು ಅರವತ್ತು ವರ್ಷ ಬದುಕುವ ಜೀವ ಅದು. ಸಾಕಿದವರಿಗೆ ವಯಸ್ಸಾಗುತ್ತದೆ, ಇಲ್ಲವೇ ತೀರಿಕೊಳ್ಳುತ್ತಾರೆ. ಮಕ್ಕಳಿಗೆ ಗಿಳಿ ಬೇಡ. ಹಾಗೆ ಉಳಿದುಹೋದವಕ್ಕೆ ಈ ಗುಮ್ಮಟ ಮನೆಯಾಗಿದೆ. ನಾನು ಹತ್ತಿರ ಹೋದೆ. ಅದು ತಲೆ ಬಗ್ಗಿಸಿ, ಒಂದು ಕಣ್ಣಿನಿಂದ ನೋಡಿ, "ಟ್ರಿಣ್ ಟ್ರಿಣ್" ಅಂತ ಟೆಲಿಫೋನ್ ಗಂಟೆ ಹೊಡೆಯಿತು. ಮೊಬೈಲಿನ ಸದ್ದಲ್ಲ, ಹಳೆಯ ಕಪ್ಪು ಫೋನಿನದು. ಆಮೇಲೆ ತಾನೇ "ಹಲೋ" ಅಂದಿತು, ಮುದುಕಿಯ ದನಿಯಲ್ಲಿ. ಆ ಫೋನು ಇದ್ದ ಮನೆ ಯಾವುದೋ, ಆ ದನಿಯ ತಾಯಿ ಯಾರೋ.

ನನ್ನ ಅಜ್ಜನ ಮನೆ ಜಗಲಿಯಲ್ಲೂ ಒಂದು ಗಿಳಿಯ ಪಂಜರ ಇತ್ತು. ನಾನೇ ಪೇರಲೆ ಚೂರು ಹಾಕುತ್ತಿದ್ದೆ. ನಮ್ಮ ಕಾಡಿನ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಆಗ ನಮಗೆ ಅದೆಲ್ಲ ಗೊತ್ತಿರಲಿಲ್ಲ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟ.

ಇನ್ನೊಂದು ತಿರುವಿನಲ್ಲಿ ಕೆಲಸದ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತು ಎಲೆಗಳ ಅಡಿಭಾಗವನ್ನು ಒಂದೊಂದಾಗಿ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಬಿಳಿ ಹಿಟ್ಟು ತಿಗಣೆ ತೆಗೆಯುತ್ತಿದ್ದಾಳೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ದಾಸವಾಳಕ್ಕೆ ನಾವೂ ಮಾಡುವ ಕೆಲಸವೇ ಅಲ್ವಾ! ಹಕ್ಕಿಗಳಿರುವಲ್ಲಿ ಕಂಡಕಂಡ ಔಷಧಿ ಹೊಡೆಯುವಂತಿಲ್ಲ, ಅದಕ್ಕೆ ಕೈಯಲ್ಲೇ ಅಂತ ಅಳಿಯನ ಮೂಲಕ ಹೇಳಿದಳು. ಅವಳ ಪಕ್ಕದಲ್ಲಿ ಸ್ವರ್ಗದ ಹಕ್ಕಿ ಅನ್ನುವ ಹೂವಿನ ಗಿಡ. ಕಿತ್ತಳೆ ಬಣ್ಣದ ಜುಟ್ಟು, ನೀಲಿ ನಾಲಿಗೆ. ಅದರ ತವರು ದಕ್ಷಿಣ ಆಫ್ರಿಕಾ. ಅಲ್ಲಿ ಗೀಜಗದ ಜಾತಿಯ ಹಕ್ಕಿ ಬಂದು ಆ ನೀಲಿ ಭಾಗದ ಮೇಲೆ ಕಾಲೂರುತ್ತದೆ. ಭಾರಕ್ಕೆ ಎಸಳು ಬಿಚ್ಚಿ ಪರಾಗ ಕಾಲಿಗೆ ಅಂಟುತ್ತದೆ. ಮುಂದಿನ ಹೂವಿಗೆ ಹಕ್ಕಿಯ ಕಾಲೇ ಅದನ್ನು ಒಯ್ಯುತ್ತದೆ. ಗುಮ್ಮಟದಲ್ಲಿ ಆ ಹೂವೂ ಇದೆ, ನೂರು ಹಕ್ಕಿಗಳೂ ಇವೆ. ಆದರೆ ಆ ಹೂವಿನ ಹಕ್ಕಿ ಇಲ್ಲ.

ನನಗೆ ಥಟ್ಟನೆ ನೆನಪಾಗಿದ್ದು ವೆನಿಲ್ಲಾ. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಸೀಮೆಯಲ್ಲಿ ಅಡಿಕೆ ಮರದ ಬುಡಬುಡಕ್ಕೂ ವೆನಿಲ್ಲಾ ಬಳ್ಳಿ ನೆಟ್ಟಿದ್ದೆವಲ್ಲ. ಬಳ್ಳಿ ಬಂತು, ಅದರ ಜೊತೆಗಾರ ಹುಳು ಮೆಕ್ಸಿಕೋದಲ್ಲೇ ಉಳಿಯಿತು. ಹೂ ಬೆಳಿಗ್ಗೆ ಅರಳಿದರೆ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ನಾವು ಹೆಂಗಸರು ಬಿದಿರಿನ ಸಣ್ಣ ಕಡ್ಡಿ ಹಿಡಿದು, ಹೂವಿನ ಒಳಗಿನ ಪೊರೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಬೇಕು. ಒತ್ತಿದರೆ ಕೋಡು, ಬಿಟ್ಟರೆ ಬರೀ ಹೂವು. ಈ ಉಪಾಯ ಜಗತ್ತಿಗೆ ತೋರಿಸಿಕೊಟ್ಟವನು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್. 1841ರಲ್ಲಿ, ಆಗ ಅವನು 12 ವರ್ಷದ ಗುಲಾಮ ಹುಡುಗ. ನನ್ನ ಹೆಬ್ಬೆರಳು ಎಷ್ಟೋ ಬೆಳಗು ಆ ಹುಡುಗ ಮಾಡಿದ್ದನ್ನೇ ಮಾಡಿದೆ. ಗಿಡವನ್ನು ಅದರ ಜೊತೆಗಾರನಿಂದ ಬಿಡಿಸಿ ತಂದರೆ ಆ ಕೆಲಸ ಯಾರಾದರೂ ಮಾಡಲೇಬೇಕು. ಹುಳುವಿನ ಕೆಲಸ, ಹಕ್ಕಿಯ ಕೆಲಸ, ಮಳೆಯ ಕೆಲಸ, ಬಿಸಿಲಿನ ಕೆಲಸ. ಗುಮ್ಮಟದಲ್ಲಿ ಅಷ್ಟನ್ನೂ ಮನುಷ್ಯರೇ ಮಾಡುತ್ತಾರೆ. 2009ರ ಕೊನೆಗೆ, ದುಡ್ಡಿನ ಅಡಚಣೆಯಿಂದ ಅದನ್ನು ಮುಚ್ಚುವ ತೀರ್ಮಾನ ಆಗಿತ್ತು. ಊರಿನ ಜನ ಬಿಡಲಿಲ್ಲ. ಹಟ ಹಿಡಿದು ಉಳಿಸಿಕೊಂಡರು. ಆ ಜನರ ಮೇಲೆ ನನಗೆ ತುಂಬ ಗೌರವ.

ಮರಳಿ ಬರುವ ದಾರಿಯಲ್ಲಿ ಅಳಿಯ, "ಹೇಗಿತ್ತು ಅತ್ತೆ?" ಅಂದರು. ಚೆನ್ನಾಗಿತ್ತು ಅಂದೆ. ಮನಸ್ಸು ಮಾತ್ರ ನಮ್ಮ ಬೆಟ್ಟದಲ್ಲಿತ್ತು, ರಾಮಪತ್ರೆ ಮರದ ಬುಡದಲ್ಲಿ.

ರಾಮಪತ್ರೆ ನಿಮಗೆ ಗೊತ್ತೇ ಇದೆ, ಜಾಯಿಕಾಯಿಯ ಜಾತಿಯ ಕಾಡುಮರ. ಸಿದ್ದಾಪುರದ ಕತ್ತಲೆಕಾನಿನಲ್ಲಿ, ನೀರು ನಿಲ್ಲುವ ಜಡ್ಡಿಗಳಲ್ಲಿ ಅದರ ಬಂಧುಗಳೇ ತುಂಬಿವೆ. ಕಾಯಿ ಹಣ್ಣಾಗಿ ತಾನಾಗಿ ಬಿರಿಯುತ್ತದೆ. ಒಳಗೆ ದಪ್ಪ ಬೀಜ, ಬೀಜವನ್ನು ಅಪ್ಪಿಕೊಂಡ ಕೆಂಪು ಪತ್ರೆ. ಮಂಗಟ್ಟೆ, ಅಂದರೆ ದೊಡ್ಡ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿ, ಬಂದು ಅದನ್ನು ಇಡಿಯಾಗಿ ನುಂಗುತ್ತದೆ. ಪತ್ರೆ ಹೊಟ್ಟೆಗೆ. ಬೀಜವನ್ನು ಇನ್ನೆಲ್ಲೋ ಕೂತು ಕಕ್ಕುತ್ತದೆ. ತಾಯಿಮರದ ನೆರಳು ಬಿಟ್ಟು ಬೀಜ ದೂರ ಹೋಗುವುದು ಹೀಗೆ. ಇಷ್ಟು ದೊಡ್ಡ ಬೀಜ ನುಂಗುವ ಕೊಕ್ಕು ನಮ್ಮ ಕಾಡಿನಲ್ಲಿ ಎಷ್ಟು ಹಕ್ಕಿಗಿದೆ? ದಾಂಡೇಲಿ ಸುತ್ತಿನ ಕಾಡಿನಲ್ಲಿ ನಾಲ್ಕು ಜಾತಿ ಮಂಗಟ್ಟೆಗಳಿವೆ, 2011ರಲ್ಲಿ ಅಲ್ಲಿ ಅವಕ್ಕಾಗಿಯೇ ಒಂದು ಮೀಸಲು ಪ್ರದೇಶ ಆಯಿತು. ಅಲ್ಲಿ ಹೆಸರು ಜಾಸ್ತಿ. ಆದರೆ ಮಂಗಟ್ಟೆಗೆ ಗಡಿ ಗೊತ್ತಿಲ್ಲ. ನಮ್ಮ ಕಾನು, ನಮ್ಮ ಸೊಪ್ಪಿನ ಬೆಟ್ಟಕ್ಕೂ ಅದು ಬರಬೇಕು.

ಪತ್ರೆಗೆ ಒಳ್ಳೆಯ ರೇಟು ಸಿಗುತ್ತದೆ. ಹಾಗಾಗಿ ಕಾಯಿ ಬಿರಿಯುವವರೆಗೆ ಕಾಯುವ ತಾಳ್ಮೆ ಕಡಿಮೆಯಾಗಿದೆ. ಎಳೆಯ ಕಾಯಿಯನ್ನೇ ಇಳಿಸುವುದು, ಕೊಂಬೆಗೇ ಕತ್ತಿ ಹಾಕುವುದು. ನಮ್ಮ ಮನೆಯಲ್ಲೂ ಮಾಡಿದ್ದೇವೆ, ಸುಳ್ಳು ಹೇಳುವುದಿಲ್ಲ. ಎಳೆಯ ಪತ್ರೆಗೆ ತೂಕವೂ ಇಲ್ಲ, ಬಣ್ಣವೂ ಇಲ್ಲ. ಹಕ್ಕಿಗಂತೂ ಏನೂ ಉಳಿಯುವುದಿಲ್ಲ.

ಊರಿಗೆ ಬಂದ ವಾರದಲ್ಲೇ ಮನೆಯವರ ಹತ್ತಿರ ಕೂತು ಮಾತಾಡಿದೆ. ಬೆಟ್ಟದಲ್ಲಿ ನಮಗಿರುವ ಐದು ಮರಗಳಲ್ಲಿ ಎರಡನ್ನು ಮುಟ್ಟುವುದು ಬೇಡ, ಉಳಿದವನ್ನು ಬಿರಿದ ಮೇಲೇ ಆರಿಸೋಣ ಅಂದೆ. ಅವರು ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಆಮೇಲೆ, "ಆಗಲಿ, ನೋಡ್ವ" ಅಂದರು.

ಮಳೆ ಹಿಡಿಯುವ ಮುಂಚಿನ ಒಂದು ಬೆಳಿಗ್ಗೆ ದರಕು ಒಟ್ಟಲು ಹೋದಾಗ ತಲೆಯ ಮೇಲೆ ಭುಸ್ ಭುಸ್ ಎಂದು ರೆಕ್ಕೆ ಸದ್ದು ಕೇಳಿತು. ದೊಡ್ಡ ಮಂಗಟ್ಟೆಯ ಸದ್ದು. ನೋಡುವಷ್ಟರಲ್ಲಿ ಹಕ್ಕಿ ದಾಟಿಹೋಗಿತ್ತು. ನಮ್ಮ ರಾಮಪತ್ರೆಯಿಂದ ಸುಮಾರು ನೂರು ಮಾರು ದೂರದಲ್ಲಿ ಒಂದು ಹಳೆಯ ಹಲಸಿನ ಮರ ಇದೆ. ಅದರ ಕೆಳಗೆ ಬಗ್ಗಿ ನೋಡಿದೆ. ಏಳು ಬೀಜ ಬಿದ್ದಿದ್ದವು. ಒಂದರಲ್ಲೂ ಪತ್ರೆ ಇಲ್ಲ, ಯಾರೋ ತೊಳೆದಿಟ್ಟ ಹಾಗೆ ನುಣ್ಣಗೆ. ಬುಟ್ಟಿಗೆ ಹಾಕಿಕೊಳ್ಳಲಿಲ್ಲ. ಸುತ್ತಲಿನ ದರಕನ್ನೇ ಅವುಗಳ ಮೇಲೆ ಎಳೆದು ಮುಚ್ಚಿ, ಬೇರೆ ಕಡೆ ಒಟ್ಟಲು ಹೋದೆ.

ನಮಸ್ಕಾರ.