ಮುದುಕನ ಊಟ ತಿಂದವರೆಲ್ಲ ಕೈ ಎತ್ತಿ

ನಮಸ್ಕಾರ. ಇವತ್ತು ಆರ್‌ಪಿಜಿಗಳ ಬಗ್ಗೆ, ಅಂದರೆ ನಾವೇ ಒಂದು ಪಾತ್ರವಾಗಿ ಕಥೆಯೊಳಗೆ ಇಳಿದು ಆಡುವ ರೋಲ್ ಪ್ಲೇಯಿಂಗ್ ವಿಡಿಯೋ ಗೇಮ್‌ಗಳ ಬಗ್ಗೆ ಮಾತಾಡೋಣ. ಟಾಪ್ ಟೆನ್ ಪಟ್ಟಿ ಕೊಡುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಟ್ಟಿ ಬೇಕಾದವರಿಗೆ ಬೇರೆ ಕಡೆ ಬೇಕಾದಷ್ಟು ಸಿಗುತ್ತವೆ. ನನ್ನ ಹತ್ತಿರ ಇರುವುದು ಒಂದು ವಾದ. ಅದನ್ನು ಮುಂದಿಡುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ದಾರಿಯಲ್ಲಿ ಸ್ಪಾಯ್ಲರ್‌ಗಳು ಬರುತ್ತವೆ, ಅಂದರೆ ಕಥೆಯ ಗುಟ್ಟುಗಳು ಬಯಲಾಗುತ್ತವೆ. ಹೆಚ್ಚಿನವು ಹಳೇ ಗೇಮ್‌ಗಳೇ. ಆದರೂ ಹೇಳಿದ್ದೇನೆ, ಆಮೇಲೆ ಬೈಬೇಡಿ.

ಆರ್‌ಪಿಜಿ ಆಡುವ ಯಾರನ್ನಾದರೂ ಕೇಳಿ ನೋಡಿ, ನಿಮಗೆ ತುಂಬಾ ಇಷ್ಟವಾದ ಗೇಮ್ ಯಾವುದು, ಯಾಕೆ ಅಂತ. ಮೊದಲು ಬರುವುದು ರೆಡಿಮೇಡ್ ಉತ್ತರ. ಕಥೆ ಚೆನ್ನಾಗಿದೆ, ಮ್ಯಾಪ್ ದೊಡ್ಡದು, ಆಯ್ಕೆಗಳು ಜಾಸ್ತಿ. ಸರಿ ಅಂತ ತಲೆಯಾಡಿಸಿ, ಇನ್ನೂ ಸ್ವಲ್ಪ ಮಾತಾಡಲು ಬಿಡಿ. ಆಗ ಕಣ್ಣು ಅರಳಿಸಿಕೊಂಡು ಒಂದು ಚಿಕ್ಕ ಘಟನೆ ಹೇಳಲು ಶುರು ಮಾಡುತ್ತಾರೆ. ಮುಖ್ಯ ಕಥೆಗೂ ಅದಕ್ಕೂ ಅಂಥ ಸಂಬಂಧ ಇರುವುದಿಲ್ಲ. ಅವರು ಸುಮ್ನೆ ಏನೋ ಮಾಡಿದ್ದರು, ಯಾರೂ ನೋಡಿಲ್ಲ ಅಂದುಕೊಂಡಿದ್ದರು. ಆದರೆ ಗೇಮ್ ನೋಡಿತ್ತು. ನನ್ನ ವಾದ ಇಷ್ಟೇ. ಜನ ಪ್ರೀತಿಸುವ ಆರ್‌ಪಿಜಿ ಅಂದರೆ ಆಡುವವರನ್ನು ಗಮನಿಸುವ ಆರ್‌ಪಿಜಿ.

ಕ್ರೋನೋ ಟ್ರಿಗರ್ ತಗೊಳ್ಳಿ. 1995ರ ಗೇಮ್. ಫೈನಲ್ ಫ್ಯಾಂಟಸಿ ಗೇಮ್‌ಗಳ ಹಿರೊನೊಬು ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಗೇಮ್‌ಗಳ ಯೂಜಿ ಹೋರಿ, ಡ್ರ್ಯಾಗನ್ ಬಾಲ್ ಕಾಮಿಕ್ ಬರೆದ ಅಕಿರಾ ತೊರಿಯಾಮ, ಮೂವರೂ ಸೇರಿ ಮಾಡಿದ್ದು. ಶುರುವಿನಲ್ಲೇ ಒಂದು ಜಾತ್ರೆ. ಅಲ್ಲಿ ಒಬ್ಬ ಮುದುಕನ ಊಟ ಇಟ್ಟಿರುತ್ತದೆ. ಆರ್‌ಪಿಜಿ ಆಡಿ ರೂಢಿಯಾದವರು ಕಂಡದ್ದಕ್ಕೆಲ್ಲ ಬಟನ್ ಒತ್ತುತ್ತಾರೆ, ಅಲ್ವಾ? ಒತ್ತಿದರೆ ಊಟ ಖಾಲಿ. ಒಂದು ಹುಡುಗಿಗೆ ಡಿಕ್ಕಿ ಹೊಡೆಯುತ್ತೀರಿ, ಅವಳೂ ಬೀಳುತ್ತಾಳೆ, ಅವಳ ಪದಕವೂ ಬೀಳುತ್ತದೆ. ಮೊದಲು ಯಾವುದರ ಹತ್ತಿರ ಹೋಗುತ್ತೀರಿ? ಇನ್ನೊಂದು ಪುಟ್ಟ ಹುಡುಗಿಯ ಬೆಕ್ಕು ಕಳೆದಿರುತ್ತದೆ, ಹುಡುಕಿ ಕೊಡುತ್ತೀರೋ ಇಲ್ಲವೋ? ಇದಕ್ಕೆಲ್ಲ ಅಂಕ ಇದೆ ಅಂತ ಯಾರೂ ಹೇಳುವುದಿಲ್ಲ.

ಆಮೇಲೆ ಕಾಲದಲ್ಲಿ ಹಿಂದೆ ಹೋಗಿ ಸಾಹಸ ಮಾಡಿ ವಾಪಸ್ ಬರುತ್ತೀರಿ. ರಾಜಕುಮಾರಿಯನ್ನು ಅಪಹರಿಸಿದ ಆರೋಪದ ಮೇಲೆ ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಆಗ ಒಂದೊಂದಾಗಿ ಹೊರಗೆ ಬರುತ್ತದೆ. ಊಟ ತಿಂದದ್ದು, ಹುಡುಗಿಯನ್ನು ಬಿಟ್ಟು ಪದಕಕ್ಕೆ ಓಡಿದ್ದು, ಬೆಕ್ಕು ಹುಡುಕಿ ಕೊಟ್ಟದ್ದು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂತಿದ್ದೆ.

ಇಲ್ಲಿ ಒಂದು ತಮಾಷೆ ಇದೆ. ನೀವು ನಿರ್ದೋಷಿ ಅಂತ ತೀರ್ಪು ಬಂದರೂ ಜೈಲು ತಪ್ಪುವುದಿಲ್ಲ! ಕಥೆ ಅದೇ ದಾರಿಯಲ್ಲಿ ಮುಂದೆ ಹೋಗುತ್ತದೆ. ಅಂದರೆ ನಿಮ್ಮ ಆಯ್ಕೆಯಿಂದ ಹೆಚ್ಚೇನೂ ಬದಲಾಗಲಿಲ್ಲ. ಆದರೂ ಇಷ್ಟು ವರ್ಷ ಆದಮೇಲೂ ಜನ ಆ ಊಟದ ಕಥೆಯನ್ನೇ ಹೇಳುತ್ತಾರೆ. ‘ನಿಮ್ಮ ಆಯ್ಕೆಯೇ ಮುಖ್ಯ’ ಅಂತ ಪೋಸ್ಟರ್ ಮೇಲೆ ಹಾಕುವ ಕಂಪನಿಗಳು ಈ ಒಂದು ದೃಶ್ಯವನ್ನು ಕೂತು ನೋಡಬೇಕು. ಇಪ್ಪತ್ತು ಬೇರೆ ಬೇರೆ ಅಂತ್ಯ ಬರೆಯುವ ಮೊದಲು ಕದ್ದ ಊಟವನ್ನು ನೆನಪಿಟ್ಟುಕೊಳ್ಳುವುದನ್ನು ಕಲಿಯಬೇಕು.

ಇದು ಜಪಾನಿನವರು ಕಂಡುಹಿಡಿದದ್ದೇನಲ್ಲ. ಅದಕ್ಕೂ ಹತ್ತು ವರ್ಷ ಹಿಂದೆ, 1985ರಲ್ಲಿ, ರಿಚರ್ಡ್ ಗ್ಯಾರಿಯಟ್ ಅಲ್ಟಿಮಾ ಫೋರ್ ಮಾಡಿದ್ದರು. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ಖಳನಾಯಕನೇ ಇಲ್ಲ. ಎಂಟು ಸದ್ಗುಣಗಳನ್ನು ರೂಢಿಸಿಕೊಳ್ಳುವುದೇ ಆಟ. ಅಲ್ಲಿ ಮದ್ದಿನ ಬೇರು, ಸೊಪ್ಪು ಮಾರುವವರಿಗೆ ಕಣ್ಣು ಕಾಣುವುದಿಲ್ಲ. ಅವರು ಬೆಲೆ ಹೇಳುತ್ತಾರೆ, ಎಷ್ಟು ಕೊಡುತ್ತೀರಿ ಅನ್ನುವುದನ್ನು ನೀವೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೆ ಅವರಿಗೆ ಗೊತ್ತಾಗುವುದಿಲ್ಲ, ಥ್ಯಾಂಕ್ಸ್ ಹೇಳಿ ಕಳಿಸುತ್ತಾರೆ. ಆದರೆ ನಿಮ್ಮ ಪ್ರಾಮಾಣಿಕತೆಯ ಲೆಕ್ಕ ಒಳಗೊಳಗೇ ಇಳಿದಿರುತ್ತದೆ. ಆ ಲೆಕ್ಕ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಅರಮನೆಯಲ್ಲಿರುವ ಒಬ್ಬ ಜ್ಞಾನಿಯ ಹತ್ತಿರ ಹೋಗಿ ಕೇಳಿದಾಗಲೇ ನಿಮ್ಮ ಬಂಡವಾಳ ಗೊತ್ತಾಗುವುದು. ಆಗಿನ ಕಂಪ್ಯೂಟರ್‌ಗಳ ಮೆಮೊರಿ ಎಷ್ಟಿತ್ತು ಅಂತ ನೆನೆಸಿಕೊಂಡರೆ, ಇವತ್ತು ನೂರು ಗಿಗಾಬೈಟ್ ತುಂಬಿಕೊಳ್ಳುವ ಗೇಮ್‌ಗಳ ಮೇಲೆ ಸಿಟ್ಟೇ ಬರುತ್ತದೆ.

ಅಂಡರ್‌ಟೇಲ್ ಇದೇ ಉಪಾಯವನ್ನು ಇನ್ನೂ ಒಳಕ್ಕೆ ತಗೊಂಡು ಹೋಯಿತು. 2015ರಲ್ಲಿ ಬಂತು, ಹೆಚ್ಚುಕಡಿಮೆ ಟೋಬಿ ಫಾಕ್ಸ್ ಒಬ್ಬರದೇ ಕೆಲಸ. ಶುರುವಿನಲ್ಲಿ ಟೋರಿಯೆಲ್ ಅಂತ ಒಂದು ಪಾತ್ರ, ನಿಮ್ಮನ್ನು ಅಮ್ಮನ ಹಾಗೆ ನೋಡಿಕೊಳ್ಳುತ್ತಾಳೆ. ಹೊರಗೆ ಹೋಗಬೇಕಾದರೆ ಅವಳನ್ನು ಎದುರಿಸಬೇಕು. ಸ್ವಲ್ಪ ಹೊಡೆದು ಸುಸ್ತು ಮಾಡಿದರೆ ಬಿಟ್ಟುಕೊಡುತ್ತಾಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೇರೆ ಗೇಮ್‌ಗಳು ಕಲಿಸಿದ ಬುದ್ಧಿ. ಒಂದು ಏಟು ಇದ್ದಕ್ಕಿದ್ದಂತೆ ಜೋರಾಗಿ ಬೀಳುತ್ತದೆ, ಅವಳು ಸತ್ತೇ ಹೋಗುತ್ತಾಳೆ. ಅಯ್ಯೋ ಅಂತ ಹಳೇ ಸೇವ್ ಲೋಡ್ ಮಾಡುತ್ತೀರಿ, ಅಂದರೆ ಮೊದಲೇ ಉಳಿಸಿಟ್ಟ ಜಾಗಕ್ಕೆ ವಾಪಸ್ ಹೋಗಿ ಅಲ್ಲಿಂದ ಮತ್ತೆ ಆಡುತ್ತೀರಿ. ಈ ಸಲ ತಾಳ್ಮೆಯಿಂದ ಅವಳನ್ನು ಉಳಿಸುತ್ತೀರಿ. ಮನಸ್ಸು ಹಗುರಾಯಿತು ಅಂತ ಹೊರಗೆ ಬಂದರೆ ಫ್ಲೌಯಿ ಅನ್ನುವ ಹೂವು ಕಾದು ನಿಂತಿರುತ್ತದೆ. ನೀನು ಅವಳನ್ನು ಕೊಂದಿದ್ದೆ, ಆಮೇಲೆ ಹಿಂದೆ ಹೋಗಿ ಸರಿ ಮಾಡಿಕೊಂಡೆ, ನನಗೆಲ್ಲ ಗೊತ್ತು ಅನ್ನುತ್ತದೆ. ಲೋಡ್ ಬಟನ್ ಅಂದರೆ ಆಡುವವರ ಗುಟ್ಟಿನ ಜಾಗ. ಈ ಗೇಮ್ ಅಲ್ಲಿಗೂ ಬಂದು ಇಣುಕಿತು.

ವಿಚರ್ ತ್ರೀ ಮಾಡಿದವರು ಅದೇ ಲೋಡ್ ಬಟನ್ನಿಗೆ ಬೇರೆ ಮದ್ದು ಕಂಡುಕೊಂಡರು. ಒಂದು ಗುಡ್ಡದ ಕೆಳಗೆ, ಮರದ ಬೇರಿನಲ್ಲಿ ಸಿಕ್ಕಿಹಾಕಿಕೊಂಡ ಆತ್ಮ. ಬಿಡಿಸು ಅಂತ ಕೇಳಿಕೊಳ್ಳುತ್ತದೆ. ಬಿಡಿಸಿದರೂ ಕೊಂದರೂ ಆ ಕ್ಷಣಕ್ಕೆ ಏನೂ ಆಗುವುದಿಲ್ಲ, ಕುದುರೆ ಹತ್ತಿ ನಿಮ್ಮ ಪಾಡಿಗೆ ನೀವು ಹೋಗುತ್ತೀರಿ. ಎಷ್ಟೋ ಹೊತ್ತಾದ ಮೇಲೆ ಜೌಗು ನೆಲದ ಅನಾಥ ಮಕ್ಕಳ ಗತಿ, ಬ್ಯಾರನ್ ಅನ್ನುವ ಒಬ್ಬ ಕುಡುಕ ಪಾಳೇಗಾರ ಮತ್ತು ಅವನ ಹೆಂಡತಿಯ ಗತಿ ಆ ನಿರ್ಧಾರದ ಮೇಲೆ ನಿಂತಿತ್ತು ಅಂತ ತಿಳಿಯುತ್ತದೆ. ಅಷ್ಟು ಹಿಂದಿನ ಸೇವ್‌ಗೆ ಯಾರು ಹೋಗುತ್ತಾರೆ? ಆದದ್ದನ್ನು ಹೊತ್ತುಕೊಂಡೇ ಮುಂದೆ ಹೋಗಬೇಕು. ಬ್ಯಾರನ್ ಒಳ್ಳೆಯವನಲ್ಲ, ಹೆಂಡತಿಗೆ ಹೊಡೆಯುತ್ತಿದ್ದವನು. ಅವನ ಮೇಲೆ ಅಯ್ಯೋ ಅನ್ನಿಸುತ್ತದೆ, ಅಯ್ಯೋ ಅನ್ನಿಸಿದ್ದಕ್ಕೆ ಮುಜುಗರವೂ ಆಗುತ್ತದೆ. 2015ರಿಂದ ಇವತ್ತಿನವರೆಗೆ ಜನ ಇದರ ಬಗ್ಗೆ ಜಗಳ ಆಡುತ್ತಲೇ ಇದ್ದಾರೆ, ಅದರಲ್ಲಿ ನಾನೂ ಒಬ್ಬ.

ಇನ್ನು ಸ್ಕೈರಿಮ್. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರಬಹುದು, ಪರವಾಗಿಲ್ಲ. ಆ ಗೇಮ್‌ನಲ್ಲಿ ಜನ ಹೆಚ್ಚು ನೆನಪಿಟ್ಟುಕೊಂಡದ್ದು ಯಾವುದು? ಕಾವಲುಗಾರರ ಮಾತು. ನೀವು ಕಳ್ಳತನದಲ್ಲಿ ಪಳಗಿದ್ದರೆ, ಕೈ ಜೇಬಿನಲ್ಲಿರಲಿ ಅನ್ನುವ ಧಾಟಿಯಲ್ಲಿ ಗದರುತ್ತಾರೆ. ಒಂದು ಸಾಲಿನ ಮಾತು ಅಷ್ಟೇ, ಆದರೂ ಈ ಊರಿಗೆ ನಾನು ಯಾರು ಅಂತ ಗೊತ್ತು ಅನ್ನಿಸುತ್ತದೆ. ಅದೇ ಗೇಮ್‌ನಲ್ಲಿ ಮಂತ್ರವಿದ್ಯೆಯ ಕಾಲೇಜಿಗೆ ಸೇರಿ, ಕತ್ತಿ ಬೀಸಿಕೊಂಡೇ ಅವರು ಕೊಟ್ಟ ಕೆಲಸಗಳನ್ನು ಮುಗಿಸಿ, ನಾಲ್ಕು ಮಂತ್ರ ನೆಟ್ಟಗೆ ಬರದಿದ್ದರೂ ಕೊನೆಗೆ ಆ ಕಾಲೇಜಿನ ಮುಖ್ಯಸ್ಥರಾಗಬಹುದು. ಅಲ್ಲಿ ಯಾರಿಗೂ ಅನುಮಾನವೇ ಬರುವುದಿಲ್ಲ! ಮರ್ಯಾದೆ ಸಿಕ್ಕಿತು, ಆದರೆ ಅದು ನನಗೆ ಸಿಕ್ಕ ಮರ್ಯಾದೆ ಅನ್ನಿಸಲಿಲ್ಲ. ಯಾರು ಬಂದರೂ ಅದೇ ಹಾರ, ಅದೇ ಶಾಲು.

ಇದರ ಎದುರಿಗೆ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಇಟ್ಟು ನೋಡಿ. 2018ರ ಗೇಮ್, ಕಥೆ ನಡೆಯುವುದು 1403ರ ಬೊಹೇಮಿಯಾದಲ್ಲಿ. ನೀವು ಕಮ್ಮಾರನ ಮಗ ಹೆನ್ರಿ. ನಿಮಗೆ ಓದಲು ಬರುವುದಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಹಿಂದುಮುಂದಾಗಿ ಕಲಸಿಹೋಗಿರುತ್ತವೆ. ಒಬ್ಬ ಲಿಪಿಕಾರನನ್ನು ಹುಡುಕಿಕೊಂಡು ಹೋಗಿ ಅಕ್ಷರ ಕಲಿಯಬೇಕು. ಕಲಿತ ಮೇಲೂ ಎಲ್ಲ ಒಂದೇ ಸಲ ಸರಿಹೋಗುವುದಿಲ್ಲ. ಕೆಲವು ಪದಗಳು ನೆಟ್ಟಗಾಗಿರುತ್ತವೆ, ಕೆಲವು ಇನ್ನೂ ಕಲಸಿಕೊಂಡೇ ಇರುತ್ತವೆ. ಓದುತ್ತಾ ಹೋದ ಹಾಗೆ ಪುಟ ತಿಳಿಯಾಗುತ್ತದೆ. ಬೇರೆ ಗೇಮ್‌ಗಳಲ್ಲಿ ‘ಓದುವ ಕೌಶಲ 1ರಿಂದ 2ಕ್ಕೆ ಏರಿತು’ ಅಂತ ಒಂದು ಸಂಖ್ಯೆ ಬಂದು ಹೋಗುತ್ತದೆ. ಇಲ್ಲಿ ಆ ಸಂಖ್ಯೆ ನಿಮ್ಮ ಕಣ್ಣೆದುರಿಗೇ ಪುಟದ ಮೇಲೆ ಇದೆ. ರಕ್ತ ಮೆತ್ತಿದ ಬಟ್ಟೆಯಲ್ಲಿ ಹೋದರೆ ಜನರ ವರ್ತನೆಯೂ ಬೇರೆ. ಸ್ನಾನ ಮಾಡಿ ಹೋಗಿ, ಬೇಗ ಕೆಲಸ ಆಗುತ್ತದೆ.

ಆದರೆ ಜಪಾನಿನ ಎಷ್ಟೋ ಆರ್‌ಪಿಜಿಗಳಲ್ಲಿ ಆಯ್ಕೆಯೇ ಇರುವುದಿಲ್ಲವಲ್ಲ, ಅವನ್ನೂ ಜನ ಅಷ್ಟೇ ಪ್ರೀತಿಸುತ್ತಾರಲ್ಲ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಫೈನಲ್ ಫ್ಯಾಂಟಸಿ ಸೆವೆನ್ ನೋಡಿ, 1997. ನಿಮ್ಮ ತಂಡದಲ್ಲೇ ಇರುವ ಏರಿತ್ ಅನ್ನುವ ಹುಡುಗಿ ಸಾಯುವುದನ್ನು ಯಾರೂ ತಡೆಯಲಾಗುವುದಿಲ್ಲ. ಮೂರು ಡಿಸ್ಕ್‌ಗಳ ಗೇಮ್‌ನಲ್ಲಿ ಮೊದಲ ಡಿಸ್ಕಿನ ಕೊನೆಗೇ ಅವಳ ಕಥೆ ಮುಗಿಯುತ್ತದೆ. ಅದು ಯಾಕಷ್ಟು ನೋವು ಕೊಟ್ಟಿತು? ಸಿನಿಮಾದಲ್ಲೂ ಪಾತ್ರಗಳು ಸಾಯುತ್ತವೆ. ಆದರೆ ಏರಿತ್‌ಳನ್ನು ನೀವು ಬೆಳೆಸಿದ್ದಿರಿ. ಅವಳಿಗೆ ಒಳ್ಳೆಯ ಆಯುಧ ಕೊಟ್ಟಿದ್ದಿರಿ, ಹೊಡೆದಾಟಗಳಲ್ಲಿ ನಿಲ್ಲಿಸಿ ಲೆವೆಲ್ ಏರಿಸಿದ್ದಿರಿ. ಕೆಲವರು ಕಷ್ಟಪಟ್ಟು ಅವಳ ಕೊನೆಯ ಶಕ್ತಿಯನ್ನೂ ಗಳಿಸಿಟ್ಟಿದ್ದರು. ಅವಳು ಹೋದಮೇಲೆ ಆ ದುಡಿಮೆಯೂ ಹೋಯಿತು. ತಂಡದ ಪಟ್ಟಿಯಲ್ಲಿ ಗುಣಪಡಿಸುವವರ ಜಾಗ ಖಾಲಿ. ಮುಂದಿನ ಹೊಡೆದಾಟದಲ್ಲಿ ಅದು ಕೈಗೇ ಗೊತ್ತಾಗುತ್ತದೆ.

ಇನ್ನೂ ಒಂದು ವಿಷಯ ಇದೆ. ಅವಳು ಸತ್ತ ತಕ್ಷಣ ಒಂದು ಬಾಸ್, ಅಂದರೆ ದೊಡ್ಡ ಶತ್ರು, ಎದುರಾಗುತ್ತದೆ. ಅಲ್ಲಿ ಮಾಮೂಲಿ ಬಾಸ್ ಸಂಗೀತ ಬರಬೇಕು, ಬರುವುದಿಲ್ಲ. ಸಂಗೀತ ಮಾಡಿದ ನೊಬುವೊ ಉಯೆಮಾತ್ಸು ಏರಿತ್‌ಗೆ ಅಂತ ಕಟ್ಟಿದ ರಾಗವೇ ಹೊಡೆದಾಟದ ಉದ್ದಕ್ಕೂ ನುಡಿಯುತ್ತದೆ. ನಿಮಗೆ ಈಗ ಹೊಡೆದಾಡುವ ಮನಸ್ಸಿಲ್ಲ ಅಂತ ಗೇಮ್‌ಗೆ ಗೊತ್ತು. ಅಲ್ಲಿ ನಾವು ಆಯ್ಕೆ ಮಾಡಿದ್ದು ಏನೂ ಇಲ್ಲ, ನಿಜ. ಆದರೂ ನಮ್ಮ ಕಡೆ ಯಾರೋ ನೋಡಿದ್ದಾರೆ.

ಇಷ್ಟು ಹೇಳಿದ ಮೇಲೆ ಮಾಸ್ ಎಫೆಕ್ಟ್ ಬಿಡುವ ಹಾಗಿಲ್ಲ. ಮೂರು ಗೇಮ್‌ಗಳ ಉದ್ದಕ್ಕೂ ನಮ್ಮ ಸೇವ್ ಹೊತ್ತು ತಂದು, 2012ರಲ್ಲಿ ಮೂರನೆಯದರ ಕೊನೆಗೆ ಮುಟ್ಟಿದರೆ, ಅಲ್ಲಿ ಸಿಕ್ಕಿದ್ದು ಬಣ್ಣ ಮಾತ್ರ ಬೇರೆ ಅನ್ನಿಸುವ ಅಂತ್ಯಗಳು. ಗಲಾಟೆ ಎಷ್ಟು ಜೋರಾಯಿತು ಅಂದರೆ ಅದೇ ವರ್ಷ ಜೂನ್‌ನಲ್ಲಿ ಅಂತ್ಯವನ್ನು ಹಿಗ್ಗಿಸಿ ಮತ್ತೆ ಬಿಡುಗಡೆ ಮಾಡಬೇಕಾಯಿತು. ಆದರೆ ಅದೇ ಮೂರನೆಯ ಗೇಮ್‌ನಲ್ಲಿ ಗೆಳೆಯ ಗ್ಯಾರಸ್ ಜೊತೆ ಬಾಟಲಿಗೆ ಗುರಿ ಇಡುವ ಒಂದು ದೃಶ್ಯ ಇದೆ. ಬೇಕೆಂದೇ ಗುರಿ ತಪ್ಪಿಸಿ ಅವನನ್ನು ಗೆಲ್ಲಿಸಬಹುದು. ಅವನು ಕುಣಿದಾಡುವ ಹಾಗೆ ಖುಷಿ ಪಡುತ್ತಾನೆ. ಬ್ರಹ್ಮಾಂಡ ಉಳಿಸಿದ್ದು ಮರೆತವರಿಗೂ ಆ ಬಾಟಲಿ ನೆನಪಿದೆ.

ಬಾಲ್ಡರ್ಸ್ ಗೇಟ್ ತ್ರೀ ಬಗ್ಗೆ 2023ರಿಂದ ಎಲ್ಲರೂ ಮಾತಾಡಿ ಮುಗಿಸಿದ್ದಾರೆ, ನಾನು ಒಂದೇ ಮಾತು ಸೇರಿಸುತ್ತೇನೆ. ಅದರಲ್ಲಿ ಹೆಣಗಳ ಜೊತೆ ಮಾತಾಡುವ ಮಂತ್ರ ಇದೆ. ಆದರೆ ನೀವೇ ಕೊಂದವರ ಹೆಣ ನಿಮ್ಮ ಜೊತೆ ಮಾತಾಡುವುದಿಲ್ಲ. ನ್ಯಾಯವೇ. ಆಗ ವೇಷ ಬದಲಿಸುವ ಮಂತ್ರ ಹಾಕಿಕೊಂಡು ಬಂದರೆ ಗುರುತು ಸಿಗದೆ ಬಾಯಿ ಬಿಡುತ್ತದೆ. ಹೀಗೆ ಮಾಡಿದರೆ ಏನಾಗುತ್ತದೆ ಅಂತ ನಿಮಗೆ ಅನ್ನಿಸುವ ಮೊದಲೇ ಅದನ್ನು ಮಾಡಿದ ಲಾರಿಯನ್ ಕಂಪನಿಯಲ್ಲಿ ಯಾರಿಗೋ ಅನ್ನಿಸಿದೆ.

ನನ್ನ ವಾದಕ್ಕೆ ಸಿಗದ ಗೇಮ್‌ಗಳೂ ಇವೆ. 2025ರ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಶನ್ 33ರಲ್ಲಿ ಜನ ಮರುಳಾದದ್ದು ಸಂಗೀತಕ್ಕೆ, ದುಃಖದ ಕಥೆಗೆ, ಶತ್ರುವಿನ ಸರದಿಯಲ್ಲೂ ಕಣ್ಣು ನೆಟ್ಟು ಸರಿಯಾದ ಕ್ಷಣಕ್ಕೆ ಏಟು ತಡೆಯುವ ಮಜಾಕ್ಕೆ. ಅಲ್ಲಿ ನಾವು ಗೇಮ್ ಅನ್ನು ಗಮನಿಸಬೇಕು, ಅದು ನಮ್ಮನ್ನು ಅಷ್ಟಾಗಿ ಗಮನಿಸುವುದಿಲ್ಲ. ಇರಲಿ. ಎಲ್ಲದಕ್ಕೂ ಒಂದೇ ಕಾರಣ ಇರಬೇಕು ಅಂತ ಏನೂ ಇಲ್ಲ.

ಹೊಸಬರು ಯಾವುದರಿಂದ ಶುರು ಮಾಡಬೇಕು ಅಂತ ಕೇಳುತ್ತೀರಿ. ನೂರು ಗಂಟೆಯ ಗೇಮ್‌ಗೆ ಮೊದಲೇ ಕೈ ಹಾಕಬೇಡಿ. ಅಂಡರ್‌ಟೇಲ್ ಆಡಿ, 5-6 ಗಂಟೆಯಲ್ಲಿ ಒಂದು ಸುತ್ತು ಮುಗಿಯುತ್ತದೆ, ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಮೊದಲ ಸಲ ಯಾವ ಗೈಡ್ ಕೂಡ ನೋಡಬೇಡಿ. ಓದುವ ಚಟ ಇದ್ದವರು ಡಿಸ್ಕೋ ಎಲಿಸಿಯಮ್ ಆಡಿ, 2019ರದ್ದು. ಅದರಲ್ಲಿ ಬೇರೆ ಆರ್‌ಪಿಜಿಗಳ ಥರ ಹೊಡೆದಾಟವೇ ಇಲ್ಲ, ನಿಮ್ಮ ತಲೆಯೊಳಗಿನ 24 ಕೌಶಲಗಳು ನಿಮ್ಮ ಜೊತೆಯೇ ವಾದಕ್ಕೆ ಇಳಿಯುತ್ತವೆ. ಕೆಲಸ ಆಗುತ್ತದೋ ಇಲ್ಲವೋ ಅಂತ ಗೇಮ್ ಹಾಕುವ ದಾಳದಲ್ಲಿ ಸೋತರೆ ರಪ್ಪಂತ ಹಳೇ ಸೇವ್‌ಗೆ ಓಡಬೇಡಿ, ಅಲ್ಲಿ ಸೋಲಿನಲ್ಲೇ ಹೆಚ್ಚು ಮಜಾ ಇದೆ. ಒಂದೇ ಒಂದು ಕಡೆ ಹುಷಾರು. ಶುರುವಿನಲ್ಲೇ ನಿಮ್ಮ ಟೈ ತಿರುಗುವ ಫ್ಯಾನಿಗೆ ಸಿಕ್ಕಿಕೊಂಡಿರುತ್ತದೆ. ಮೈಯಲ್ಲಿ ಶಕ್ತಿ ಇಲ್ಲದ ಪಾತ್ರ ಮಾಡಿಕೊಂಡಿದ್ದರೆ, ಅದನ್ನು ಎಳೆಯಲು ಹೋಗಿ ಹಾರ್ಟ್ ಅಟ್ಯಾಕ್ ಆಗಿ ಅಲ್ಲೇ ಗೇಮ್ ಮುಗಿಯಬಹುದು. ಟೈಗೆ ಕೈ ಹಾಕುವ ಮೊದಲು ಮಾತ್ರ ಸೇವ್ ಮಾಡಿಕೊಳ್ಳಿ.