ಪರ್ಷಿಯಾವನ್ನು ಸೋಲಿಸಿದವನಿಗೆ ಊಟ ಹಾಕಿದವರು ಯಾರು?

[ಪರದೆಯಲ್ಲಿ: ಮಡಕೆ ಚೂರಿನ ಕ್ಲೋಸಪ್]

ಈ ಮಡಕೆ ಚೂರು ನೋಡಿ. ಇದರ ಮೇಲೆ ಗೀಚಿರುವ ಹೆಸರು ಥೆಮಿಸ್ಟೋಕ್ಲಿಸ್. ಪರ್ಷಿಯಾದ ದೊಡ್ಡ ನೌಕಾಪಡೆಯನ್ನು ಮಣ್ಣುಮುಕ್ಕಿಸಿದ ಅಥೆನ್ಸಿನ ನಾಯಕ. ಊರಿನವರು ಅವನ ಹೆಸರು ಬರೆದದ್ದು ಸನ್ಮಾನಕ್ಕಲ್ಲ, ಊರಾಚೆ ಹಾಕೋದಕ್ಕೆ.

ಕ್ರಿ.ಪೂ. 483ರ ಹೊತ್ತಿಗೆ ಅಥೆನ್ಸಿನ ಲಾರಿಯಂ ಗಣಿಯಲ್ಲಿ ಬೆಳ್ಳಿ ಸಿಕ್ಕಿತು. ತಲೆಗೆ 10 ದ್ರಾಕ್ಮಾ ನಾಣ್ಯ ಹಂಚಿಕೊಳ್ಳೋಣ ಎಂದರು ಜನ. ಬೇಡ, ಹಡಗು ಕಟ್ಟೋಣ ಎಂದ ಇವನು. ಆದರೆ ಪರ್ಷಿಯಾದ ಹೆಸರೆತ್ತಲಿಲ್ಲ. ಪಕ್ಕದ ಈಜಿನಾ ದ್ವೀಪದ ಜೊತೆಗಿದ್ದ ಜಗಳ ತೋರಿಸಿದ. ನೆರೆಮನೆ ಜಗಳಕ್ಕೆ ಯಾರು ತಾನೇ ದುಡ್ಡು ಬಿಚ್ಚಲ್ಲ?

[ನಕ್ಷೆ: ಸಲಾಮಿಸ್ ಜಲಸಂಧಿ]

ಕ್ರಿ.ಪೂ. 480. ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಅಥೆನ್ಸಿಗೆ ಬೆಂಕಿ ಇಟ್ಟಾಗಿತ್ತು. ಗ್ರೀಕ್ ಹಡಗುಗಳು ಸಲಾಮಿಸ್ ದ್ವೀಪದ ಬಳಿ ಇದ್ದವು. ಥೆಮಿಸ್ಟೋಕ್ಲಿಸ್ ತನ್ನ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸಿಕಿನ್ನಸ್ ಎಂಬ ಆಳನ್ನು ಗುಟ್ಟಾಗಿ ದೋಣಿಯಲ್ಲಿ ಶತ್ರುಗಳ ಕಡೆ ಕಳಿಸಿದ. 'ಗ್ರೀಕರು ಹೆದರಿ ಓಡಿಹೋಗ್ತಿದ್ದಾರೆ, ಬಿಡಬೇಡಿ' ಅಂತ ಸುದ್ದಿ. ಪರ್ಷಿಯನ್ನರು ನಂಬಿಬಿಟ್ಟರು. ರಾತ್ರಿಯಿಡೀ ನಿದ್ದೆಗೆಟ್ಟು ಕಾದು, ಬೆಳಗ್ಗೆ ಇಕ್ಕಟ್ಟಿನ ನೀರಿಗೆ ನುಗ್ಗಿದರು. ಹಿಂದಿನ ಹಡಗು ಮುಂದಿನದಕ್ಕೆ ಗುದ್ದುತ್ತಿತ್ತು. ದೊರೆ ದಡದ ಗುಡ್ಡದ ಮೇಲೆ ಕೂತು ಇದನ್ನೆಲ್ಲ ನೋಡಿದ.

ಸುಮಾರು 10 ವರ್ಷ ಕಳೆಯಿತು. ಅಥೆನ್ಸಿನಲ್ಲಿ ಬೇಡವಾದವನನ್ನು 10 ವರ್ಷ ಹೊರಗಿಡುವ ಮತದಾನ ಇತ್ತು. ಮಡಕೆ ಚೂರೇ ಮತಚೀಟಿ. 1937ರಲ್ಲಿ ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡದ ಇಳಿಜಾರಿನ ಬಾವಿಯೊಂದರಲ್ಲಿ ಇವನ ಹೆಸರಿನ 190ರಷ್ಟು ಚೂರು ಸಿಕ್ಕವು. ಅಕ್ಷರ ನೋಡಿದರೆ ಬರೆದವರು ಬರೀ 14 ಮಂದಿ. ಮೊದಲೇ ಬರೆದು ಹಂಚೋಕೆ ಇಟ್ಟಿದ್ದರು ಅನ್ನಿಸುತ್ತೆ, ಅಲ್ವಾ?

ಊರು ಬಿಟ್ಟವನ ಮೇಲೆ ದೇಶದ್ರೋಹದ ಆರೋಪವೂ ಬಂತು. ಓಡಿ ಓಡಿ ಕೊನೆಗೆ ಸೇರಿದ್ದು ಪರ್ಷಿಯಾಕ್ಕೇ! ಅಲ್ಲಿ ಗ್ರೀಕರಿಗೆ 'ಯೌನ' ಅಂತಿದ್ದರು. ನಮ್ಮ 'ಯವನ' ಪದದ ಬೇರೂ ಅದೇ, ಇಂದಿನ ಟರ್ಕಿಯ ಕರಾವಳಿಯಲ್ಲಿ ಗ್ರೀಕರಿದ್ದ ಅಯೋನಿಯಾ. ಆಗ ಪಟ್ಟದಲ್ಲಿದ್ದವನು ಕ್ಸೆರ್ಕ್ಸಿಸನ ಮಗ ಅರ್ತಕ್ಸೆರ್ಕ್ಸಿಸ್. ಒಂದು ವರ್ಷ ಸಮಯ ಕೊಡಿ ಎಂದು ಕೇಳಿ, ಪರ್ಷಿಯನ್ ಭಾಷೆ ಕಲಿತು, ಆಮೇಲೆ ದೊರೆಯ ಮುಂದೆ ನಿಂತನಂತೆ.

[ಪರದೆಯಲ್ಲಿ: ಬೆಳ್ಳಿ ನಾಣ್ಯ]

ದೊರೆ ಅವನಿಗೆ ಮ್ಯಾಗ್ನೀಷಿಯಾ ಪಟ್ಟಣ ಕೊಟ್ಟ. ಅಲ್ಲಿ ಅವನ ಹೆಸರಿನಲ್ಲೇ ನಾಣ್ಯ ಅಚ್ಚಾಯಿತು. ಅದು ಸಾಲದು ಅಂತ ಇನ್ನೆರಡು ಊರು. ಇತಿಹಾಸಕಾರ ಥುಸಿಡಿಡಿಸ್ ಬರೆದಿಟ್ಟ ಹಂಚಿಕೆ ಇದು: ರೊಟ್ಟಿಗೆ ಮ್ಯಾಗ್ನೀಷಿಯಾ, ವೈನಿಗೆ ಲಾಂಪ್ಸಕಸ್, ನಂಚಿಕೊಳ್ಳೋಕೆ ಮ್ಯೂಸ್. ಹೌದು, ಸುಮ್ನೆ ಹೇಳ್ತಿಲ್ಲ, ನಂಚಿಕೊಳ್ಳೋಕೆ ಅಂತಲೇ ಒಂದು ಊರು!