ಹಕ್ಕಿ ನೋಡಿದ ಜಾಗದಲ್ಲೇ ಪತಂಗದ ಪರದೆ

ಗೆಳೆಯರೇ, ಪತಂಗಗಳಿಗೆ ದೀಪ ಹಚ್ಚುವ ರಾತ್ರಿಯನ್ನು ಮೊದಲು ಪಂಚಾಂಗದಲ್ಲಿ ಹುಡುಕಬೇಕು. ಬೆಳದಿಂಗಳಿದ್ದರೆ ದೀಪದ ಸೆಳೆತ ಕುಗ್ಗುತ್ತದೆ. ನಮ್ಮ ಯುಗಾದಿ ಬರುವುದೇ ಅಮಾವಾಸ್ಯೆಯ ಬೆನ್ನಿಗೆ. ಅದರ ಹಿಂದುಮುಂದಿನ ಮೂರ್ನಾಲ್ಕು ದಿನ ಮಲೆನಾಡಿನಲ್ಲಿ ಹಕ್ಕಿಗೂ ಪತಂಗಕ್ಕೂ ಒಟ್ಟಿಗೇ ಒದಗುತ್ತವೆ. ಇವೆರಡನ್ನೂ ಬೇರೆ ಬೇರೆ ಹವ್ಯಾಸ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ದೀಪಕ್ಕೆ ಬಂದ ಪತಂಗಗಳು ಕೂರುವ ಬಿಳಿ ಪರದೆಯನ್ನು ಎಲ್ಲಿ ಕಟ್ಟಬೇಕೆಂದು ಬೆಳಗಿನ ಸುತ್ತಾಟ ಹೇಳುತ್ತದೆ, ಯಾವಾಗ ಬಿಚ್ಚಬೇಕೆಂದು ಹಕ್ಕಿಗಳೇ ಹೇಳುತ್ತವೆ.

ಬೆಳಿಗ್ಗೆ ಆರೂಕಾಲಕ್ಕೆ ಹೊರಡಿ. ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ ದುರ್ಬೀನು ಸಾಕು. ಹತ್ತು ಪಟ್ಟಿನದು ಕೈನಡುಕವನ್ನೂ ಹಿಗ್ಗಿಸುತ್ತದೆ. ಹೂಬಿಟ್ಟ ಮುತ್ತುಗವೋ ಹಾಲುವಾಣವೋ ಸಿಕ್ಕರೆ ಬಿಸಿಲಿಗೆ ಬೆನ್ನು ಕೊಟ್ಟು ಅರ್ಧ ಗಂಟೆ ಅಲ್ಲೇ ನಿಲ್ಲಿ. ಸೂರಕ್ಕಿ, ಎಲೆಹಕ್ಕಿ, ಪಿಕಳಾರ, ಕಾಜಾಣ ಅಲ್ಲಿಗೇ ಬರುತ್ತವೆ. ಕಂಚುಗಾರ ಹಕ್ಕಿಯನ್ನು ಬರೀ ದನಿಯಿಂದ ಎಣಿಸಬೇಡಿ. ಅದು ‘ಟುಕ್ ಟುಕ್’ ಎನ್ನುತ್ತಲೇ ತಲೆ ಹೊರಳಿಸುವುದರಿಂದ ಒಂದೇ ಹಕ್ಕಿ ಎರಡು ಕಡೆ ಇದ್ದಂತೆ ಕೇಳುತ್ತದೆ.

ಹೂವಿನಷ್ಟೇ ಚಿಗುರನ್ನೂ ಗಮನಿಸಿ. ಹೂರಸ ಕುಡಿಯುವ ಸೂರಕ್ಕಿಯೂ ಮರಿಗಳಿಗೆ ಒಯ್ಯುವುದು ಹುಳುಹುಪ್ಪಟೆಯನ್ನು. ಹಕ್ಕಿಗಳು ಮತ್ತೆ ಮತ್ತೆ ಎಲೆ ತಡಕುವ ಪೊದೆಯಲ್ಲಿ ಪತಂಗದ ಮರಿಹುಳುಗಳಿರುವ ಸಂಭವ ಹೆಚ್ಚು. (ರೋಮದ ಕಂಬಳಿಹುಳುವನ್ನು ಹೆಚ್ಚಿನ ಹಕ್ಕಿಗಳು ಮುಟ್ಟುವುದಿಲ್ಲ; ಕೋಗಿಲೆಯ ಬಳಗದವು ಮಾತ್ರ ಸಲೀಸಾಗಿ ನುಂಗುತ್ತವೆ.) ಸಂಜೆಯ ಪರದೆ ಆ ಪೊದೆಗೆ ಮುಖ ಮಾಡಿರಲಿ.

ಪರದೆಗೆ ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಬಿಳಿ ಹತ್ತಿ ಬಟ್ಟೆ. ಪಾಲಿಯೆಸ್ಟರಿನಲ್ಲಿ ಪತಂಗಗಳ ಕಾಲು ಜಾರುತ್ತದೆ. ಕೆಳತುದಿಯನ್ನು ಒಂದು ಮೊಳ ನೆಲಕ್ಕೆ ಹಾಸಿ. ಎಷ್ಟೋ ಪತಂಗಗಳು ಅಲ್ಲೇ ಬೀಳುತ್ತವೆ, ಹಾಸದಿದ್ದರೆ ತುಳಿದುಬಿಡುತ್ತೀರಿ. ದೀಪಕ್ಕೆ 160 ವ್ಯಾಟಿನ, ಚೋಕ್ ಬೇಡದ ಮರ್ಕ್ಯುರಿ ಬಲ್ಬು. ಹೋಲ್ಡರ್ ಪಿಂಗಾಣಿಯದೇ ಇರಲಿ. ಪ್ಲಾಸ್ಟಿಕ್ಕಿನದು ಶಾಖಕ್ಕೆ ಕರಗೀತು. ಬಿಸಿ ಬಲ್ಬಿಗೆ ಮಳೆಹನಿ ತಾಗಿದರೆ ಗಾಜು ಸಿಡಿಯುತ್ತದೆ. ಹೊರಗಾಜು ಒಡೆದೂ ಉರಿಯುತ್ತಿದ್ದರೆ ತಕ್ಷಣ ಆರಿಸಿ, ಆಗ ಹೊಮ್ಮುವ ಅತಿನೇರಳೆ ಕಿರಣ ಕಣ್ಣು, ಚರ್ಮ ಎರಡನ್ನೂ ಸುಡುತ್ತದೆ. ಕರೆಂಟು ಹೋಗಿ ಬಂದಾಗ ಈ ಬಲ್ಬು ಕೂಡಲೇ ಹೊತ್ತಿಕೊಳ್ಳುವುದಿಲ್ಲ, ತಣಿಯಲು ಕೆಲವು ನಿಮಿಷ ಬೇಕು. ಕೆಟ್ಟಿತೆಂದು ಬಿಚ್ಚಲು ಹೋದವರು ಕೈ ಸುಟ್ಟುಕೊಳ್ಳುತ್ತಾರೆ. ಕರೆಂಟನ್ನು ನಂಬಲಾಗದ ಊರಿನಲ್ಲಿ ಬ್ಯಾಟರಿಯ 365 ನ್ಯಾನೋಮೀಟರ್ (ಅತಿನೇರಳೆ ಬೆಳಕಿನ) ಎಲ್‌ಇಡಿಯೇ ವಾಸಿ.

ಪತಂಗ ದೀಪಕ್ಕೆ ಮರುಳಾಗುತ್ತದೆ ಎಂಬುದು ಕವಿಗಳ ಮಾತು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಅತಿವೇಗದ ಕ್ಯಾಮೆರಾಗಳಲ್ಲಿ ಕಂಡದ್ದು ಬೇರೆ: ಹಾರುವ ಕೀಟ ಬೆಳಕಿನ ಕಡೆಗೆ ಬೆನ್ನು ವಾಲಿಸುತ್ತದೆ. ಆಕಾಶವಿದ್ದ ಕಡೆ ಬೆನ್ನಿರಿಸಿ ಹಾರುವ ಅಭ್ಯಾಸ ದೀಪದ ಬಳಿ ಕೈಕೊಟ್ಟು, ಅದು ಸುತ್ತುತ್ತಲೇ ಉಳಿಯುತ್ತದೆ. ಹಾಗೆ ಸುತ್ತುವ ಕೀಟಕ್ಕೆ ಕೂರಲು ಬಟ್ಟೆ ಹತ್ತಿರ ಸಿಗಬೇಕು; ಬಲ್ಬು ಪರದೆಯಿಂದ ಒಂದಡಿ ಮುಂದಿರಲಿ.

ಮಳೆ ಬಿದ್ದ ಸಂಜೆ ಪತಂಗಕ್ಕೆ ಮೊದಲು ರೆಕ್ಕೆಗೆದ್ದಲು ಮುತ್ತುತ್ತದೆ. ಒಂದು ಗಂಟೆ ದೀಪ ಆರಿಸಿ ಸುಮ್ಮನಿರಿ. ಕಿತ್ತಳೆ-ಕಪ್ಪು ಬಣ್ಣದ, ಇರುವೆಯಂಥ ಪೆಡೆರಸ್ ಜೀರುಂಡೆ ಕತ್ತಿನ ಮೇಲೆ ಕೂತರೆ ಊದಿ ಹಾರಿಸಿ. ಉಜ್ಜಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ದೀಪಕ್ಕೆ ಅಷ್ಟಾಗಿ ಬಾರದ ಪತಂಗಗಳಿಗಾಗಿ ಕಳಿತ ಬಾಳೆಹಣ್ಣು, ಬೆಲ್ಲ ಕಲಸಿ, ಒಂದು ದಿನ ಹುಳಿಬರಿಸಿ ಮರದ ಬೊಡ್ಡೆಗೆ ಬಳಿಯಿರಿ. ಫೋಟೋದಲ್ಲಿ ರೆಕ್ಕೆಯ ಮೇಲ್ಭಾಗ ನೇರವಾಗಿ ಬರಲಿ. ಎಷ್ಟೋ ಜಾತಿಗಳು ಚಿತ್ರದಿಂದ ಬೇರ್ಪಡುವುದಿಲ್ಲ, ಕುಲದ (ಜೀನಸ್) ಹೆಸರಿಗೇ ನಿಲ್ಲಿಸುವುದು ಸೋಲಲ್ಲ.

ಬೆಳಗಿನ ಜಾವ ನಾಲ್ಕೂವರೆಗೆ ದೀಪ ಆರಲೇಬೇಕು. ಪರದೆಯಲ್ಲಿ ಕೂತವನ್ನು ಮೊಟ್ಟೆಯ ಟ್ರೇಗೆ ಹತ್ತಿಸಿ, ಮೂವತ್ತು ಹೆಜ್ಜೆ ಆಚೆ ದಟ್ಟ ಪೊದೆಯ ಬುಡದಲ್ಲಿ ಬಿಡಿ. ತಡಮಾಡಿದರೆ ಮಡಿವಾಳ ಹಕ್ಕಿಯೂ ಕಾಜಾಣವೂ ಬಿಳಿ ಬಟ್ಟೆಯ ಮೇಲೆ ಎದ್ದು ಕಾಣುವ ಪತಂಗಗಳನ್ನು ಹೆಕ್ಕಿಬಿಡುತ್ತವೆ. ದಿನವೂ ಒಂದೇ ಕಡೆ ದೀಪ ಹಚ್ಚಿದರೆ ಈ ಹಕ್ಕಿಗಳು ಬೆಳಕು ಹರಿಯುವ ಮೊದಲೇ ಬಂದು ಕಾಯುತ್ತವೆ. ಹಾಗಾಗಿ ಅದೇ ಜಾಗಕ್ಕೆ ಮರಳುವ ಮುನ್ನ ಒಂದು ವಾರವಾದರೂ ಬಿಡಿ.